ಮಾದರಿ ವಿಮಾನದ ರೆಕ್ಕೆಗೆ ಬಾಲ್ಸಾ ಹೊದಿಕೆ ಅಂಟಿಸುವ ಕ್ರಮ

ಮುಂಬಯಿ, ಪುಣೆ ಮತ್ತು ಗೋವೆಯಲ್ಲಿ ನೆಲೆಸಿರುವ ಕನ್ನಡಿಗ ಹವ್ಯಾಸಿಗಳಿಂದ, ಅದರಲ್ಲೂ ಎನ್‌ಸಿಸಿಯ ವಾಯು ವಿಭಾಗದಲ್ಲೋ ಎಂಜಿನಿಯರಿಂಗ್ ಕಾಲೇಜಿನಲ್ಲೋ ಮಾದರಿ ವಿಮಾನದ ರುಚಿ ಹತ್ತಿಸಿಕೊಂಡ ಹುಡುಗ ಹುಡುಗಿಯರಿಂದ, ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಚೌಕಟ್ಟು ಕಟ್ಟುವವರೆಗೆ ರೆಕ್ಕೆ ನೇರವಾಗಿಯೇ ಇತ್ತು, ಬಾಲ್ಸಾ ಎಂಬ ಹಗುರ ಮರದ ತೆಳು ಹಾಳೆ ಹೊದಿಸಿದ ಮೇಲೆ ತಿರುಚಿಕೊಂಡಿತು. ಯಾವ ಅಂಟು ಬಳಸಬೇಕಿತ್ತು? ಇದಕ್ಕೆ ಅಂಟಿನ ಹೆಸರನ್ನಷ್ಟೇ ಹೇಳಿ ಮುಗಿಸಿದರೆ ಕೇಳಿದವರಿಗೆ ಉಪಕಾರವಾಗುವುದಿಲ್ಲ. ಅಂಟು ಒಣಗುವ ಹೊತ್ತಿನಲ್ಲಿ ರೆಕ್ಕೆ ಯಾವ ಆಕಾರದಲ್ಲಿತ್ತೋ ಆ ಆಕಾರವೇ ಅದಕ್ಕೆ ಕಾಯಂ ಆಗುತ್ತದೆ. ಆದ್ದರಿಂದ ಕೆಲಸದ ಬಹುಪಾಲು ಅಂಟಿನ ಡಬ್ಬಿ ತೆರೆಯುವ ಮೊದಲೇ ಮುಗಿದಿರಬೇಕು. ಈ ಲೇಖನದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆ ಪೂರ್ವಸಿದ್ಧತೆಗೇ ಕೊಟ್ಟಿರುವುದಕ್ಕೆ ಕಾರಣ ಇದೇ.

ಮೊದಲಿಗೆ ಕೆಲವು ಪದಗಳನ್ನು ತಿಳಿದುಕೊಳ್ಳೋಣ. ರೆಕ್ಕೆಯ ಅಡ್ಡಕೊಯ್ತದ ಆಕಾರಕ್ಕೆ ಕತ್ತರಿಸಿ ಸಾಲಾಗಿ ನಿಲ್ಲಿಸುವ ತುಂಡುಗಳಿಗೆ ರಿಬ್ ಎನ್ನುತ್ತಾರೆ. ಬುಡದಿಂದ ತುದಿಯವರೆಗೆ ರಿಬ್‌ಗಳನ್ನು ಪೋಣಿಸಿಕೊಂಡು ಹೋಗುವ ತೊಲೆಯೇ ಸ್ಪಾರ್. ಸಾಮಾನ್ಯವಾಗಿ ಮೇಲೊಂದು, ಕೆಳಗೊಂದು ಇರುತ್ತದೆ. ಇವೆರಡರ ನಡುವೆ, ರಿಬ್‌ನಿಂದ ರಿಬ್‌ಗೆ, ಮರದ ಎಳೆ ಲಂಬವಾಗಿ ನಿಲ್ಲುವಂತೆ ಅಂಟಿಸುವ ತೆಳು ಫಲಕಕ್ಕೆ ಶಿಯರ್ ವೆಬ್ ಎಂದು ಹೆಸರು. ಗಾಳಿಯನ್ನು ಎದುರಿಸುವ ಅಂಚನ್ನು ಮುಂದಂಚು ಎಂದೂ, ಅದರ ಎದುರು ತುದಿಯನ್ನು ಹಿಂದಂಚು ಎಂದೂ ಇಲ್ಲಿ ಕರೆದಿದ್ದೇನೆ. ಮುಂದಂಚಿನಿಂದ ಸ್ಪಾರ್‌ವರೆಗೆ ಮೇಲೆ ಮತ್ತು ಕೆಳಗೆ ಬಾಲ್ಸಾ ಹೊದಿಸಿದಾಗ ಇಂಗ್ಲಿಷಿನ ಡಿ ಅಕ್ಷರದಂತೆ ಕಾಣುವ ಒಂದು ಮುಚ್ಚಿದ ಕೊಳವೆ ಉಂಟಾಗುತ್ತದೆ, ಅದೇ ಡಿ-ಬಾಕ್ಸ್. ರೆಕ್ಕೆಯನ್ನು ಹಿಂದಂಚಿನವರೆಗೂ ಪೂರ್ತಿ ಮುಚ್ಚುವುದೂ ಉಂಟು.

ಹೊದಿಕೆ ಯಾಕೆ ಬೇಕು ಎಂಬುದನ್ನು ಕೈಯಾರೆ ನೋಡಬಹುದು. ಒಂದು ದಪ್ಪ ಕಾಗದವನ್ನು ಕೊಳವೆಯಾಗಿ ಸುತ್ತಿ, ಅಂಚುಗಳನ್ನು ಅಂಟಿಸದೆ, ಎರಡೂ ತುದಿ ಹಿಡಿದು ತಿರುಚಿ ನೋಡಿ. ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ. ಅದೇ ಕೊಳವೆಯ ಅಂಚನ್ನು ಉದ್ದಕ್ಕೂ ಅಂಟಿಸಿ ಒಣಗಿಸಿ ತಿರುಚಿದರೆ ಅದು ಜಗ್ಗುವುದಿಲ್ಲ. ರೆಕ್ಕೆಯಲ್ಲಿಯೂ ನಡೆಯುವುದು ಇದೇ. ಮೇಲಿನ ಹಾಳೆ, ಕೆಳಗಿನ ಹಾಳೆ, ಮುಂದಂಚು, ಸ್ಪಾರ್ ಮತ್ತು ಶಿಯರ್ ವೆಬ್ ಎಲ್ಲವೂ ಒಂದಕ್ಕೊಂದು ಸಂದಿಲ್ಲದೆ ಅಂಟಿದಾಗ ಮಾತ್ರ ಕೊಳವೆ ಮುಚ್ಚಿದಂತಾಗುತ್ತದೆ. ಒಂದು ಕಡೆ ಸ್ಪಾರ್ ಮೇಲೆ ಒಂದಷ್ಟು ಉದ್ದ ಅಂಟು ಹಿಡಿಯದೆ ಹೋದರೂ ಗಟ್ಟಿತನ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಇದೇ ಗುಣದಿಂದ ಒಂದು ಅಪಾಯವೂ ಹುಟ್ಟುತ್ತದೆ: ಮುಚ್ಚುವ ಕ್ಷಣದಲ್ಲಿ ರೆಕ್ಕೆಯಲ್ಲಿ ತಿರುವಿದ್ದರೆ ಆ ತಿರುವೂ ಅಷ್ಟೇ ಗಟ್ಟಿಯಾಗಿ ಉಳಿದುಬಿಡುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. 0.1 ಗ್ರಾಂವರೆಗೆ ತೋರಿಸುವ ಚಿಕ್ಕ ತಕ್ಕಡಿ, 1 ಮೀಟರ್ ಉದ್ದದ ಉಕ್ಕಿನ ಸ್ಕೇಲು, ಹೊಸ ಬ್ಲೇಡುಗಳು, 240 ಮತ್ತು 320 ನಂಬರಿನ ಉಪ್ಪುಕಾಗದ, ಅದನ್ನು ಅಂಟಿಸಿಕೊಳ್ಳಲು 250ರಿಂದ 300 ಮಿ.ಮೀ. ಉದ್ದದ ಒಂದು ನೇರ ಪಟ್ಟಿ, ಗುಂಡುಸೂಜಿ, ಮಾಸ್ಕಿಂಗ್ ಟೇಪ್, ಔಷಧದಂಗಡಿಯ ಕ್ರೇಪ್ ಬ್ಯಾಂಡೇಜ್, ತೂಕಕ್ಕೆ ಪುಸ್ತಕಗಳು ಇಷ್ಟು ಸಾಕು. ಮುಂಬಯಿಯವರಿಗೆ ಸ್ಕೇಲು, ಕ್ಲ್ಯಾಂಪು ಮುಂತಾದವು ಕ್ರಾಫರ್ಡ್ ಮಾರ್ಕೆಟ್ ಬಳಿಯ ನಾಗದೇವಿ ಸ್ಟ್ರೀಟಿನಲ್ಲಿಯೂ, ಪುಣೆಯವರಿಗೆ ರವಿವಾರ ಪೇಟೆಯಲ್ಲಿಯೂ ಸಿಗುತ್ತವೆ. ಬಾಲ್ಸಾವನ್ನು ಮಾತ್ರ ಹವ್ಯಾಸಿ ಸಾಮಾನಿನ ಅಂಗಡಿಯಿಂದಲೇ ತರಬೇಕು. ಸಾಧ್ಯವಾದರೆ ಅಂಗಡಿಗೆ ನೀವೇ ಹೋಗಿ ಕೈಯಲ್ಲಿ ಹಿಡಿದು ಆರಿಸಿ.

1. ಹಾಳೆಗಳನ್ನು ಆರಿಸುವುದು

ಬಾಲ್ಸಾ ದಕ್ಷಿಣ ಅಮೆರಿಕದ ಮರ. ಪೇಟೆಗೆ ಬರುವುದರಲ್ಲಿ ಹೆಚ್ಚಿನದು ಈಕ್ವೆಡಾರ್ ದೇಶದ್ದು. ಒಂದೇ ಕಟ್ಟಿನ ಎರಡು ಹಾಳೆಗಳ ತೂಕದಲ್ಲಿ ದುಪ್ಪಟ್ಟು ಅಂತರವಿರುವುದು ಈ ಮರದಲ್ಲಿ ಸಾಮಾನ್ಯ. 1.5 ಮಿ.ಮೀ. ದಪ್ಪ, 100 ಮಿ.ಮೀ. ಅಗಲ ಮತ್ತು 1 ಮೀಟರ್ ಉದ್ದದ ಹಾಳೆಯ ಗಾತ್ರ 150 ಘನ ಸೆಂಟಿಮೀಟರ್. ಅದು 15ರಿಂದ 20 ಗ್ರಾಂ ತೂಗಿದರೆ ಹೊದಿಕೆಗೆ ಹೇಳಿಮಾಡಿಸಿದಂತಿರುತ್ತದೆ. 24 ಗ್ರಾಂವರೆಗೂ ನಡೆಯುತ್ತದೆ. 30 ಗ್ರಾಂ ದಾಟಿದ ಹಾಳೆಯನ್ನು ಸ್ಪಾರ್ ಅಥವಾ ಮುಂದಂಚಿನ ಪಟ್ಟಿಗಳಿಗೆ ಎತ್ತಿಡಿ. ಪ್ರತಿ ಹಾಳೆಯ ಮೇಲೂ ಅದರ ತೂಕವನ್ನು ಪೆನ್ಸಿಲಿನಲ್ಲಿ ಬರೆದು, ಎಡ ಮತ್ತು ಬಲ ರೆಕ್ಕೆಗಳಿಗೆ ಸಮತೂಕದ ಜೋಡಿಗಳನ್ನು ಬೇರ್ಪಡಿಸಿ. ಇದನ್ನು ಬಿಟ್ಟವರು ಕೊನೆಗೆ ಹಗುರವಾದ ರೆಕ್ಕೆಯ ತುದಿಗೆ ಸೀಸ ಕಟ್ಟಬೇಕಾಗುತ್ತದೆ.

ತೂಕದಷ್ಟೇ ಮುಖ್ಯವಾದದ್ದು ದಿಮ್ಮಿಯಿಂದ ಹಾಳೆಯನ್ನು ಕೊಯ್ದ ರೀತಿ. ಮೇಲ್ಮೈಯಲ್ಲಿ ಉದ್ದುದ್ದ ಎಳೆಗಳು ಕಾಣುವ, ಅಡ್ಡಲಾಗಿ ಬಾಗಿಸಿದರೆ ಸುಲಭವಾಗಿ ಸುತ್ತಿಕೊಳ್ಳುವ ಹಾಳೆ ‘ಎ’ ದರ್ಜೆಯದು. ಮೀನಿನ ಪೊರೆಯಂತೆ ಹೊಳೆಯುವ ಚುಕ್ಕೆಗಳಿರುವ, ಅಡ್ಡಲಾಗಿ ಬಾಗಿಸಿದರೆ ಸೀಳುವ ಹಾಳೆ ‘ಸಿ’ ದರ್ಜೆಯದು. ಈ ಅಕ್ಷರಗಳು ಗುಣಮಟ್ಟದ ಅಳತೆಯಲ್ಲ, ಕೊಯ್ತದ ಬಗೆ ಮಾತ್ರ. ಮುಂದಂಚಿನ ಸುತ್ತ ಬಾಗಬೇಕಾದ ಹೊದಿಕೆಗೆ ‘ಎ’ ಬೇಕು. ‘ಸಿ’ ಹಾಳೆ ರಿಬ್‌ಗಳಿಗೆ ಒಳ್ಳೆಯದು. ಮುಂದಂಚಿನಲ್ಲಿ ಹಾಳೆ ಸೀಳಿಹೋಯಿತು ಎಂದು ಬರೆಯುವವರಲ್ಲಿ ಹೆಚ್ಚಿನವರು ‘ಸಿ’ ಹಾಳೆಯನ್ನು ಬಾಗಿಸಲು ಹೋಗಿರುತ್ತಾರೆ.

2. ಮರವನ್ನು ಹವೆಗೆ ಹೊಂದಿಸುವುದು

ಪರದೇಶದ ಕೈಪಿಡಿಗಳಲ್ಲಿ ಈ ಹಂತವನ್ನು ಒಂದು ಸಾಲಿನಲ್ಲಿ ಮುಗಿಸಿರುತ್ತಾರೆ. ಅರಬ್ಬೀ ಸಮುದ್ರದ ದಂಡೆಯಲ್ಲಿ ಕುಳಿತು ರೆಕ್ಕೆ ಕಟ್ಟುವ ನಮಗೆ ಅದು ಸಾಲದು.

ಮರ ಗಾಳಿಯ ತೇವವನ್ನು ಹೀರಿದಾಗ ಎಳೆಯ ಉದ್ದಕ್ಕೆ ಬೆಳೆಯುವುದು ಅತ್ಯಲ್ಪ; ಎಳೆಗೆ ಅಡ್ಡವಾಗಿ ಮಾತ್ರ ಚೆನ್ನಾಗಿ ಹಿಗ್ಗುತ್ತದೆ. ಹೊದಿಕೆಯ ಎಳೆ ರೆಕ್ಕೆಯ ಉದ್ದಕ್ಕೆ ಹೋಗುವುದರಿಂದ, ಹಿಗ್ಗುವಿಕೆ ಕುಗ್ಗುವಿಕೆಗಳೆಲ್ಲ ಮುಂದಂಚಿನಿಂದ ಹಿಂದಂಚಿನ ದಿಕ್ಕಿನಲ್ಲಿ ನಡೆಯುತ್ತವೆ. ಜುಲೈ ತಿಂಗಳಿನಲ್ಲಿ, ಮುಂಬಯಿಯಲ್ಲಿ ಒಗೆದ ಬಟ್ಟೆ ಎರಡು ದಿನವಾದರೂ ಒಣಗದ ಹವೆಯಲ್ಲಿ, ತೇವ ಕುಡಿದು ಹಿಗ್ಗಿದ ಹಾಳೆಯನ್ನು ಅಂಟಿಸಿದಿರಿ ಎಂದುಕೊಳ್ಳಿ. ಡಿಸೆಂಬರ್ ಬರುವ ಹೊತ್ತಿಗೆ ಅದು ಕುಗ್ಗಿ, ರಿಬ್‌ಗಳ ನಡುವೆ ಒಳಕ್ಕೆ ಕುಸಿದು, ಹಾಳೆ ಹಾಳೆ ಸೇರುವ ಬೆಸುಗೆಗಳು ಬಾಯಿ ಬಿಡುತ್ತವೆ. ಪುಣೆಯಲ್ಲಿ ಏಪ್ರಿಲ್‌ನ ಒಣ ಬಿಸಿಲಿನಲ್ಲಿ ಕಟ್ಟಿದವರಿಗೆ ಇದರ ತಿರುಗುಮುರುಗು: ಗರಿಗರಿಯಾಗಿ ಒಣಗಿದ್ದ ಹಾಳೆ ಮಳೆಗಾಲ ಹಿಡಿದ ಮೇಲೆ ಹಿಗ್ಗಿ, ಹೋಗಲು ದಾರಿಯಿಲ್ಲದೆ ರಿಬ್‌ಗಳ ನಡುವೆ ಹೊರಕ್ಕೆ ಉಬ್ಬುತ್ತದೆ. ಒಂದು ರೆಕ್ಕೆಯನ್ನು ಮೇ ತಿಂಗಳಿನಲ್ಲಿ, ಇನ್ನೊಂದನ್ನು ಜುಲೈನಲ್ಲಿ ಹೊದಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಎರಡೂ ಬೇರೆ ಬೇರೆ ರೀತಿಯಲ್ಲಿ ವರ್ತಿಸುತ್ತವೆ.

ಪರಿಹಾರ ಸರಳವಾಗಿದೆ. ಹಾಳೆಗಳನ್ನೂ ಚೌಕಟ್ಟನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಇಡಿ. ಒಂದು ಹಾಳೆಯನ್ನು ದಿನವೂ ಅದೇ ಹೊತ್ತಿಗೆ ತೂಗಿ. ಎರಡು ದಿನ ತೂಕ ಬದಲಾಗದಿದ್ದರೆ ಮರ ಆ ಕೋಣೆಯ ಹವೆಗೆ ಹೊಂದಿಕೊಂಡಿದೆ ಎಂದು ಅರ್ಥ. ಮಳೆಗಾಲದಲ್ಲಿ ಕೆಲಸ ಮಾಡಲೇಬೇಕಾದರೆ ಏರ್ ಕಂಡೀಷನರ್ ಓಡುವ ಕೋಣೆಯನ್ನು ಆರಿಸಿಕೊಳ್ಳಿ, ಅಥವಾ ಹಾಳೆಗಳನ್ನು ಸಿಲಿಕಾ ಜೆಲ್ ಚೀಲಗಳ ಜೊತೆ ಕಬ್ಬಿಣದ ಬೀರುವಿನಲ್ಲಿ ಮುಚ್ಚಿಡಿ. ಹಾಳೆಗಳನ್ನು ಗೋಡೆಗೆ ಒರಗಿಸಿಡುವುದು ಬೇಡ. ಮಲಗಿಸಿ, ಮೇಲೊಂದು ಹಲಗೆ ಹೇರಿಡಿ. ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆ ಹೊದಿಕೆ ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲವೇ ಪ್ರಶಸ್ತ. ರಿಬ್ ಕತ್ತರಿಸುವುದು, ಚೌಕಟ್ಟು ಕಟ್ಟುವುದು ಮುಂತಾದವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬಹುದು.

3. ಕಟ್ಟುವ ಹಲಗೆ

ಮಂಚದ ಮೇಲೋ, ಊಟದ ಮೇಜಿನ ಮೇಲೋ ರೆಕ್ಕೆ ಹೊದಿಸಿ ನೇರವಾಗಿ ಬರಲೆಂದು ಹಾರೈಸುವುದರಲ್ಲಿ ಅರ್ಥವಿಲ್ಲ. ಬಾಗಿಲಿಗೆ ಬಳಸುವ ಫ್ಲಶ್ ಡೋರ್‌ನ ತುಂಡು ಒಳ್ಳೆಯ ತಳವಾಗುತ್ತದೆ. ಅದರ ಮೇಲೆ ಸೂಜಿ ಚುಚ್ಚಲು ಬರುವಂತೆ ನೋಟೀಸು ಫಲಕದ ಸಾಫ್ಟ್‌ಬೋರ್ಡ್ ಹಾಸಬೇಕು. ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದೆ ದೀಪ ಹಿಡಿದು, ಉದ್ದಕ್ಕೆ, ಅಡ್ಡಕ್ಕೆ ಮತ್ತು ಎರಡೂ ಮೂಲೆಗೆರೆಗಳಲ್ಲಿ ನೋಡಿ. ಎಲ್ಲಿಯೂ ಬೆಳಕು ನುಸುಳಬಾರದು. ಮೂಲೆಗೆರೆಯನ್ನು ಬಿಟ್ಟುಬಿಡುವವರು ಬಹಳ. ಹಲಗೆಯಲ್ಲಿ ತಿರುವಿದ್ದರೆ ಅದು ಗೊತ್ತಾಗುವುದು ಅಲ್ಲಿಯೇ. ಚಿಕ್ಕ ಮನೆಗಳಲ್ಲಿ ಹಲಗೆಯನ್ನು ಸಂಜೆ ಎತ್ತಿ ಗೋಡೆಗೆ ಒರಗಿಸಬೇಕಾಗುತ್ತದೆ ಎಂಬುದು ನನಗೆ ತಿಳಿದಿದೆ. ಆದರೆ ಅಂಟು ಒಣಗುವ ದಿನ ಮಾತ್ರ ಅದು ಅಲುಗದೆ ಮಲಗಿರಬೇಕು; ಮನೆಯವರಿಗೆ ಮೊದಲೇ ಹೇಳಿಟ್ಟುಕೊಳ್ಳಿ.

ರೆಕ್ಕೆ ಅಂಟಿಕೊಳ್ಳದಂತೆ ಹಲಗೆಯ ಮೇಲೆ ತೆಳುವಾದ ಪಾಲಿಥೀನ್ ಹಾಳೆ ಹಾಸಿ.

4. ಚೌಕಟ್ಟನ್ನು ಅಣಿಗೊಳಿಸುವುದು

ಉಪ್ಪುಕಾಗದ ಅಂಟಿಸಿದ ಉದ್ದ ಪಟ್ಟಿಯನ್ನು ಒಂದೇ ಸಲಕ್ಕೆ ಮೂರು ರಿಬ್‌ಗಳ ಮೇಲಾದರೂ ಕೂರುವಂತೆ ಹಿಡಿದು, ಹಗುರವಾಗಿ, ಓರೆಯಾಗಿ ಉಜ್ಜಿ. ರಿಬ್, ಸ್ಪಾರ್ ಮತ್ತು ಮುಂದಂಚಿನ ಪಟ್ಟಿ ಒಂದೇ ಮಟ್ಟದಲ್ಲಿ ಹರಿಯಬೇಕು. ಬಳಿಕ 1.5 ಮಿ.ಮೀ. ಬಾಲ್ಸಾದ ಒಂದು ಕಿರಿದಾದ ಪಟ್ಟಿಯನ್ನು ಮುಂದಂಚಿನಿಂದ ಸ್ಪಾರ್‌ವರೆಗೆ ಬಾಗಿಸಿ, ಪ್ರತಿ ರಿಬ್ಬಿನ ಮೇಲೆ ಇಟ್ಟು, ಕಣ್ಣನ್ನು ಮಟ್ಟಕ್ಕೆ ತಂದು ನೋಡಿ. ಸಂದು ಕಂಡಲ್ಲಿ ಅಂಟು ತುಂಬಿಸಿ ಸರಿಹೋಗುತ್ತದೆಂದು ಬಿಡಬೇಡಿ. ಆ ರಿಬ್ಬಿನ ಮೇಲೆ ಬಾಲ್ಸಾದ ತೆಳು ಸೀಳು ಅಂಟಿಸಿ ಮತ್ತೆ ಉಜ್ಜಿ ಮಟ್ಟಕ್ಕೆ ತನ್ನಿ.

ಹೊದಿಕೆಯೊಳಗೆ ಮುಚ್ಚಿಹೋಗುವ ಎಲ್ಲವೂ ಈಗಲೇ ಇರಬೇಕು. ಶಿಯರ್ ವೆಬ್‌ಗಳು ಮೇಲಿನ ಮತ್ತು ಕೆಳಗಿನ ಸ್ಪಾರ್ ಎರಡಕ್ಕೂ ಅಂಟಿರಬೇಕು. ಸರ್ವೊ, ಅಂದರೆ ರೆಕ್ಕೆಯ ಚಲಿಸುವ ಭಾಗಗಳನ್ನು ಆಡಿಸುವ ಪುಟ್ಟ ಮೋಟಾರು, ಅದರ ತಂತಿ ಹಾಯಲು ಕಾಗದ ಸುತ್ತಿ ಮಾಡಿದ ಕೊಳವೆಯೊಂದು ರಿಬ್‌ಗಳ ಮೂಲಕ ಹಾದಿರಬೇಕು. ಅದರೊಳಗೆ ಒಂದು ದಾರ ಬಿಟ್ಟಿಡಿ. ಹಿಂಜ್‌ಗಳಿಗೆ, ರೆಕ್ಕೆಯನ್ನು ಒಡಲಿಗೆ ಬಿಗಿಯುವ ಬೋಲ್ಟ್‌ಗಳಿಗೆ ಗಟ್ಟಿಮರದ ಆಸರೆಗಳು ಕೂತಿರಬೇಕು. ಮುಚ್ಚುವ ಮೊದಲು ಒಂದು ಫೋಟೊ ತೆಗೆದುಕೊಂಡರೆ ಮುಂದೆ ಎಲ್ಲಿ ಕೊರೆಯಬೇಕೆಂದು ತಿಳಿಯುತ್ತದೆ.

5. ಹಾಳೆಗಳನ್ನು ಜೋಡಿಸುವುದು

ಡಿ-ಬಾಕ್ಸ್ ಮಾತ್ರ ಮಾಡುವವರಿಗೆ ಈ ಹಂತ ಬಹುಮಟ್ಟಿಗೆ ಬೇಕಾಗುವುದಿಲ್ಲ. ಮುಂದಂಚಿನಿಂದ ಹಿಂದಂಚಿಗೆ 200 ಮಿ.ಮೀ. ಇರುವ ರೆಕ್ಕೆಗೆ 100 ಮಿ.ಮೀ. ಅಗಲದ ಒಂದೇ ಹಾಳೆ ಸಾಕಾಗುತ್ತದೆ. ಪೂರ್ತಿ ಮುಚ್ಚುವವರು ಹಾಳೆಗಳನ್ನು ರೆಕ್ಕೆಯ ಮೇಲೆ ಒಂದೊಂದಾಗಿ ಅಂಟಿಸಬಾರದು. ಮೊದಲು ಹಲಗೆಯ ಮೇಲೆ ಜೋಡಿಸಿ ಒಂದೇ ಅಗಲ ಹಾಳೆ ಮಾಡಿಕೊಳ್ಳಬೇಕು.

ಅಂಗಡಿಯಿಂದ ಬಂದ ಹಾಳೆಯ ಅಂಚು ನೇರವಿರುವುದಿಲ್ಲ. ಉಕ್ಕಿನ ಸ್ಕೇಲಿಟ್ಟು, ಹೊಸ ಬ್ಲೇಡಿನಿಂದ, ಒತ್ತಡ ಹಾಕದೆ ಎರಡು ಮೂರು ಸಲ ಎಳೆದು ಅಂಚನ್ನು ಕತ್ತರಿಸಿ. ಎರಡು ಹಾಳೆಗಳನ್ನು ಅಂಚಿಗೆ ಅಂಚು ತಾಗಿಸಿ, ಉದ್ದಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ. ಈಗ ಮಗುಚಿದರೆ ಟೇಪು ಹಿಂಜಿನಂತೆ ಕೆಲಸ ಮಾಡಿ ಸಂದು ತೆರೆದುಕೊಳ್ಳುತ್ತದೆ. ಆ ಸಂದಿಗೆ ಬಿಳಿ ಅಂಟಿನ ಒಂದು ತೆಳು ಗೆರೆ ಎಳೆದು, ಹಾಳೆಗಳನ್ನು ಚಪ್ಪಟೆಯಾಗಿ ಮಲಗಿಸಿ, ಉಕ್ಕಿಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪಾಲಿಥೀನ್ ಹಾಸಿ, ತೂಕ ಹೇರಿ. ಈ ಬೆಸುಗೆಗೆ ಫೆವಿಕ್ವಿಕ್ ಬಗೆಯ ತಕ್ಷಣ ಹಿಡಿಯುವ ಅಂಟು ಬೇಡ. ಅದು ಬಾಲ್ಸಾಕ್ಕಿಂತ ಬಹಳ ಗಡುಸಾಗಿ ಒಣಗುವುದರಿಂದ, ಉಜ್ಜುವಾಗ ಅಕ್ಕಪಕ್ಕದ ಮರ ಸವೆದು ಅಂಟಿನ ಗೆರೆ ಏಣಾಗಿ ಉಳಿಯುತ್ತದೆ.

ಒಣಗಿದ ಮೇಲೆ, ಹಾಳೆ ಇನ್ನೂ ಹಲಗೆಯ ಮೇಲೆ ಮಲಗಿರುವಾಗಲೇ, ಹೊರಮೈಯನ್ನು 240ರ ಕಾಗದದಿಂದ ಉಜ್ಜಿ ನಯ ಮಾಡಿ. ರೆಕ್ಕೆಗೆ ಅಂಟಿಸಿದ ಮೇಲೆ ಬಲವಾಗಿ ಉಜ್ಜಿದರೆ ಹಾಳೆ ರಿಬ್‌ಗಳ ನಡುವೆ ಬಳುಕಿ, ರಿಬ್ಬಿನ ಮೇಲಿನ ಭಾಗ ಮಾತ್ರ ತೆಳುವಾಗುತ್ತದೆ.

6. ಮುಂದಂಚಿಗೆ ಬಾಗು ಕೊಡುವುದು

ಹಾಳೆಯ ಹೊರಮೈಗೆ ಮಾತ್ರ ಸ್ಪಂಜಿನಿಂದ ನೀರು ಸವರಿ. ಒಳಮೈ ಒಣಗಿಯೇ ಇರಲಿ. ಒದ್ದೆಯಾದ ಮೈ ಹಿಗ್ಗಿ ಹಾಳೆ ತಾನಾಗಿಯೇ ಒಣ ಮೈಯ ಕಡೆಗೆ ಸುತ್ತಿಕೊಳ್ಳುತ್ತದೆ, ನಮಗೆ ಬೇಕಾದ ಬಾಗೂ ಅದೇ. ಇದನ್ನು ಚೌಕಟ್ಟಿನ ಮೇಲೆ ಅಂಟಿಲ್ಲದೆ ಕೂರಿಸಿ, ಕ್ರೇಪ್ ಬ್ಯಾಂಡೇಜಿನಿಂದ ಹಿತವಾಗಿ ಸುತ್ತಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಿಚ್ಚಿದಾಗ ಹಾಳೆ ಆ ಆಕಾರವನ್ನು ಬಹುಮಟ್ಟಿಗೆ ಉಳಿಸಿಕೊಂಡಿರುತ್ತದೆ.

ಒದ್ದೆ ಹಾಳೆಯನ್ನೇ ಅಂಟಿಸಿ ಮುಗಿಸುವ ಆತುರ ಬೇಡ. ಅದು ಒಣಗುತ್ತ ಕುಗ್ಗಿದಂತೆ ಇಡೀ ಚೌಕಟ್ಟನ್ನು ಎಳೆಯುತ್ತದೆ. ತೆಳುವಾದ ಹಿಂದಂಚಿರುವ ರೆಕ್ಕೆಗಳು ಈ ಎಳೆತಕ್ಕೇ ತಿರುಚಿಕೊಳ್ಳುತ್ತವೆ.

7. ಯಾವ ಅಂಟು?

ಬಡಗಿಗಳು ಬಳಸುವ ಬಿಳಿ ಅಂಟು, ಉದಾಹರಣೆಗೆ ಫೆವಿಕಾಲ್ ಎಸ್‌ಎಚ್, ರಿಬ್ ಮತ್ತು ಸ್ಪಾರ್‌ಗಳ ರೆಕ್ಕೆಗೆ ನನ್ನ ಮೊದಲ ಆಯ್ಕೆ. ಅದು ನಿಧಾನವಾಗಿ ಹಿಡಿಯುವುದರಿಂದ ಹಾಳೆಯನ್ನು ಸರಿಸಿ ಕೂರಿಸಲು ಸಮಯ ಸಿಗುತ್ತದೆ, ಅಗ್ಗವಾಗಿದೆ, ಹೊಗೆಯಿಲ್ಲ, ಒಣಗಿದ ಮೇಲೂ ಸ್ವಲ್ಪ ಬಳುಕುತ್ತದೆ. ಅದೇ ಹೆಸರಿನಲ್ಲಿ ಬರುವ ಎಸ್‌ಆರ್ ಡಬ್ಬಿ ಬೇರೆಯದೇ ವಸ್ತು: ಅದು ಸನ್‌ಮೈಕಾ ಅಂಟಿಸುವ, ದ್ರಾವಕ ಬೆರೆತ ರಬ್ಬರ್ ಅಂಟು. ಅದು ಭಾರ, ತಾಗಿದ ಕೂಡಲೇ ಹಿಡಿಯುವುದರಿಂದ ಸರಿಸಲು ಆಗುವುದಿಲ್ಲ, ಥರ್ಮೊಕೋಲನ್ನಂತೂ ಕರಗಿಸಿಬಿಡುತ್ತದೆ. ಅಂಗಡಿಯಲ್ಲಿ ಕೇಳುವಾಗ ಪೂರ್ತಿ ಹೆಸರು ಹೇಳಿ.

ತಕ್ಷಣ ಹಿಡಿಯುವ ಸಯನೊಅಕ್ರಿಲೇಟ್ ಅಂಟು ಸ್ಪಾರ್ ಮೇಲೆ ಹಾಳೆಯ ಅಂಚನ್ನು ಅಲ್ಲಲ್ಲಿ ಹಿಡಿದಿಡಲು ಉಪಯುಕ್ತ. ಇಡೀ ಹೊದಿಕೆಯನ್ನು ಅದರಿಂದಲೇ ಮಾಡುವವರಿದ್ದಾರೆ. ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ, ಏಕೆಂದರೆ ತೇವದ ಹವೆಯಲ್ಲಿ ಅದು ಇನ್ನೂ ಬೇಗ ಹಿಡಿಯುತ್ತದೆ ಮತ್ತು ತಪ್ಪಾಗಿ ಕೂತದ್ದನ್ನು ತೆಗೆಯಲಾಗುವುದಿಲ್ಲ. ಅದರ ಆವಿ ಕಣ್ಣು ಮೂಗಿಗೆ ಉರಿ. ಕಿಟಕಿ ತೆರೆದಿರಲಿ, ಕನ್ನಡಕ ಇರಲಿ. ಫ್ರಿಜ್ಜಿನಲ್ಲಿಟ್ಟ ಬಾಟಲಿಯನ್ನು ಹೊರಗೆ ತೆಗೆದು ಕೋಣೆಯ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆರೆಯಿರಿ. ಇಲ್ಲದಿದ್ದರೆ ಒಳಗೆ ತೇವ ಕೂತು ಅಂಟು ಕೆಡುತ್ತದೆ.

ಇಸ್ತ್ರಿಪೆಟ್ಟಿಗೆಯ ವಿಧಾನವೊಂದಿದೆ, ಇದನ್ನು ಹೆಚ್ಚು ಜನ ಬಳಸಬೇಕೆಂಬುದು ನನ್ನ ಆಸೆ. ಬಿಳಿ ಅಂಟನ್ನು ರಿಬ್, ಸ್ಪಾರ್, ಮುಂದಂಚುಗಳ ಮೇಲೂ, ಹಾಳೆಯ ಒಳಮೈಯಲ್ಲಿ ಅವು ತಾಗುವ ಗೆರೆಗಳ ಮೇಲೂ ಸವರಿ, ಪಾರದರ್ಶಕವಾಗುವವರೆಗೆ ಒಣಗಲು ಬಿಡಬೇಕು. ಬಳಿಕ ಹಾಳೆಯನ್ನು ಕೂರಿಸಿ, ಹಬೆಯಿಲ್ಲದ ಬಿಸಿ ಇಸ್ತ್ರಿಯನ್ನು ಸ್ಪಾರ್‌ನಿಂದ ಮುಂದಕ್ಕೆ ನಿಧಾನವಾಗಿ ಒತ್ತುತ್ತ ಹೋದರೆ ಒಣಗಿದ ಅಂಟು ಮೆತ್ತಗಾಗಿ ಒಂದಕ್ಕೊಂದು ಬೆಸೆಯುತ್ತದೆ, ತಣಿದಂತೆ ಹಿಡಿಯುತ್ತದೆ. ನೀರಿನ ಅಂಶ ಆಗಲೇ ಹೋಗಿರುವುದರಿಂದ ಕುಗ್ಗುವಿಕೆಯ ಎಳೆತವಿಲ್ಲ. ನೀರು ತಡೆಯುವ ಬಗೆಯ ಬಿಳಿ ಅಂಟುಗಳು ಬಿಸಿಗೆ ಇಷ್ಟು ಮೆತ್ತಗಾಗದಿರಬಹುದು. ಆದ್ದರಿಂದ ಮೊದಲು ಚೂರುಗಳ ಮೇಲೆ ಪರೀಕ್ಷಿಸಿ: ಕಿತ್ತಾಗ ಅಂಟು ಬಿಡದೆ ಮರ ಹರಿಯಬೇಕು. ಥರ್ಮೊಕೋಲ್ ರೆಕ್ಕೆಗೆ ಈ ವಿಧಾನ ಸಲ್ಲದು.

8. ಮೊದಲ ಮೈ

ಕೆಳಭಾಗ ಚಪ್ಪಟೆಯಾಗಿರುವ ರೆಕ್ಕೆಯಲ್ಲಿ ಕೆಳಗಿನ ಹಾಳೆಯನ್ನೇ ಹಲಗೆಗೆ ಸೂಜಿಯಿಂದ ಬಿಗಿದು ಅದರ ಮೇಲೆ ಚೌಕಟ್ಟು ಕಟ್ಟುವುದು ಸುಲಭ. ಎರಡೂ ಕಡೆ ಉಬ್ಬಿರುವ ರೆಕ್ಕೆಯಲ್ಲಿ, ಚೌಕಟ್ಟು ರಿಬ್‌ಗಳ ಕೆಳಗೆ ಆಸರೆಗೆಂದೇ ಬಿಟ್ಟ ಕಾಲುಗಳ ಮೇಲೆ ಹಲಗೆಯಲ್ಲಿ ನಿಂತಿರುವಾಗಲೇ ಮೇಲಿನ ಮೈಯನ್ನು ಹೊದಿಸಬೇಕು.

ಹಾಳೆಯ ಹಿಂದಿನ ಅಂಚು ಸ್ಪಾರ್‌ನ ಅಗಲದ ನಟ್ಟನಡುವೆ ಕೂರಲಿ. ಉಳಿದರ್ಧ ಅಗಲ, ಆಮೇಲೆ ರಿಬ್‌ಗಳ ಮೇಲೆ ಅಂಟಿಸುವ ಕ್ಯಾಪ್ ಸ್ಟ್ರಿಪ್ ಎಂಬ ತೆಳುಪಟ್ಟಿಗಳಿಗೆ ಆಸರೆಯಾಗುತ್ತದೆ. ಸ್ಪಾರ್ ಮೇಲೆ ಅಂಟಿನ ಗೆರೆ ಎಳೆದು, ಆ ಅಂಚನ್ನು ಸ್ಕೇಲಿಗೆ ನೇರವಾಗಿ ಕೂರಿಸಿ, ಸೂಜಿ ಹಾಕಿ ಒಣಗಲು ಬಿಡಿ. ಸೂಜಿಯನ್ನು ನೇರವಾಗಿ ಹಾಳೆಗೆ ಒತ್ತಿದರೆ ಮರ ತಗ್ಗಾಗುತ್ತದೆ. ಮೇಲೊಂದು ದಪ್ಪ ಬಾಲ್ಸಾ ಪಟ್ಟಿಯಿಟ್ಟು ಅದರ ಮೂಲಕ ಚುಚ್ಚಿದರೆ ಒತ್ತಡ ಹಂಚಿಹೋಗುತ್ತದೆ. ಅದು ಹಿಡಿದ ಮೇಲೆ ರಿಬ್‌ಗಳಿಗೂ ಮುಂದಂಚಿಗೂ ಅಂಟು ಹಚ್ಚಿ, ಹಾಳೆಯನ್ನು ಹಿಂದಿನಿಂದ ಮುಂದಕ್ಕೆ ಅಂಗೈಯಿಂದ ಸವರುತ್ತ ಇಳಿಸಿ, ಟೇಪಿನಿಂದ ಹಿಡಿದಿಡಿ. ರಿಬ್ಬಿನ ಮೇಲೆ ಅಂಟು ಒಂದು ತೆಳುಗೆರೆಯಷ್ಟಿರಬೇಕು. ಒತ್ತಿದಾಗ ಬದಿಗಳಲ್ಲಿ ಸಣ್ಣ ಮಣಿಗಳಂತೆ ಕಂಡರೆ ಅಳತೆ ಸರಿಯಾಗಿದೆ. ಧಾರೆಯಾಗಿ ಇಳಿದರೆ ಅದು ವ್ಯರ್ಥ ತೂಕ, ಅದೂ ರೆಕ್ಕೆಯ ತುದಿಯ ಬಳಿ.

9. ಎರಡನೆಯ ಮೈ

ಕೊಳವೆ ಮುಚ್ಚುವುದು ಇಲ್ಲಿ. ಇಡೀ ಕೆಲಸದಲ್ಲಿ ಅವಸರ ಮಾಡಲೇಬಾರದ ಘಟ್ಟ ಇದು. ಒಂದು ಮೈ ಹೊದಿಸಿದ ರೆಕ್ಕೆ ಕೈಗೆ ಗಟ್ಟಿಯೆನಿಸಿದರೂ ಇನ್ನೂ ತಿರುಚಿಕೊಳ್ಳಬಲ್ಲದು. ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡನೆಯ ಹಾಳೆ ಅಂಟಿಸಿದವರ ರೆಕ್ಕೆಗಳೇ ಹೆಚ್ಚಾಗಿ ತಿರುಚುವುದು.

ಮಗುಚಿದ ರೆಕ್ಕೆಗೆ ಬುಡದಲ್ಲಿ, ನಡುವೆ ಮತ್ತು ತುದಿಯಲ್ಲಿ ಅದರ ಆಕಾರಕ್ಕೇ ಕತ್ತರಿಸಿದ ತೊಟ್ಟಿಲುಗಳನ್ನು ಹಲಗೆಯ ಮೇಲೆ ಕೂರಿಸಿ, ರೆಕ್ಕೆಯನ್ನು ಅವುಗಳಿಗೆ ಬಿಗಿಯಿರಿ. ಬುಡದ ಬದಿಯಲ್ಲಿ ನಿಂತು ನೋಡಿದಾಗ ಮೊದಲ ಮತ್ತು ಕೊನೆಯ ರಿಬ್‌ಗಳ ನಡುಗೆರೆಗಳು ಸಮಾನಾಂತರವಾಗಿ ಕಾಣಬೇಕು. ನಕ್ಷೆಯಲ್ಲಿ ವಾಷ್‌ಔಟ್ ಕೇಳಿದ್ದರೆ ಅದನ್ನು ಕೊಡಬೇಕಾದದ್ದೂ ಈಗಲೇ. ವಾಷ್‌ಔಟ್ ಎಂದರೆ ಬುಡಕ್ಕಿಂತ ತುದಿ ಕಡಿಮೆ ಕೋನದಲ್ಲಿ ಗಾಳಿಯನ್ನು ಎದುರಿಸುವಂತೆ ಬೇಕೆಂದೇ ಕೊಡುವ ತಿರುವು. ವೇಗ ತಗ್ಗಿದಾಗ ತುದಿ ಮೊದಲು ಕೈಕೊಟ್ಟು ವಿಮಾನ ಒಂದು ಪಕ್ಕಕ್ಕೆ ಬೀಳುವುದನ್ನು ಇದು ತಡೆಯುತ್ತದೆ. ತುದಿಯಲ್ಲಿ ಅಗಲ 200 ಮಿ.ಮೀ. ಇದ್ದು 2 ಡಿಗ್ರಿ ಬೇಕಾದರೆ ಹಿಂದಂಚು ಮುಂದಂಚಿಗಿಂತ ಸುಮಾರು 7 ಮಿ.ಮೀ. ಮೇಲಿರಬೇಕು. ರೆಕ್ಕೆ ಮಗುಚಿ ಮಲಗಿರುವಾಗ ಮೇಲು ಕೆಳಗು ಅದಲು ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ: ಆಗ ಬೆಣೆ ಇಡಬೇಕಾದದ್ದು ಮುಂದಂಚಿನ ಕೆಳಗೆ. ಎಡಕ್ಕೂ ಬಲಕ್ಕೂ ಒಂದೇ ಹಲಗೆಯಿಂದ ಕತ್ತರಿಸಿದ ಬೆಣೆಗಳನ್ನೇ ಬಳಸಿ.

ಮೊದಲು ಅಂಟಿಲ್ಲದೆ ಹಾಳೆಯನ್ನು ಒಮ್ಮೆ ಪೂರ್ತಿ ಕೂರಿಸಿ ತೆಗೆಯಿರಿ. ಟೇಪಿನ ತುಂಡುಗಳು, ತೂಕ, ಸೂಜಿ ಎಲ್ಲವೂ ಕೈಗೆಟುಕುವಂತಿರಲಿ. ಅಂಟಿಸುವ ಕ್ರಮ ಮೊದಲ ಮೈಯದ್ದೇ. ಮುಗಿಸಿದ ಮೇಲೆ ಮತ್ತೊಮ್ಮೆ ಬುಡದಿಂದ ನೋಡಿ, ಸರಿಯಿದ್ದರೆ ಮುಟ್ಟದೆ 24 ಗಂಟೆ ಬಿಡಿ. ಮಳೆಗಾಲದಲ್ಲಿ 48 ಗಂಟೆ. ಕೈಗೆ ಅಂಟದಂತಾದ ಮಾತ್ರಕ್ಕೆ ಒಳಗಿನದು ಒಣಗಿದೆ ಎಂದು ತಿಳಿಯಬಾರದು, ಏಕೆಂದರೆ ಮುಚ್ಚಿದ ಕೊಳವೆಯಿಂದ ನೀರಿನಂಶ ಹೊರಬರುವುದು ನಿಧಾನ.

10. ಥರ್ಮೊಕೋಲ್ ತಿರುಳಿನ ರೆಕ್ಕೆಯಾದರೆ

ರಿಬ್ಬುಗಳ ಬದಲು ಥರ್ಮೊಕೋಲನ್ನೇ ರೆಕ್ಕೆಯ ಆಕಾರಕ್ಕೆ ಬಿಸಿತಂತಿಯಿಂದ ಕತ್ತರಿಸಿದ ತಿರುಳಿಗೆ ಹಾಳೆ ಅಂಟಿಸುವಾಗ, ಕತ್ತರಿಸಿ ಉಳಿದ ಮೇಲಿನ ಮತ್ತು ಕೆಳಗಿನ ಹೊರತುಂಡುಗಳನ್ನು ಎಸೆಯಬೇಡಿ. ನಿಮ್ಮ ಅಚ್ಚು ಅವೇ. ತಿರುಳಿನ ಮೇಲಿನ ಕೂದಲಿನಂಥ ಎಳೆಗಳನ್ನು 240ರ ಕಾಗದದಿಂದ ಹಗುರವಾಗಿ ಉಜ್ಜಿ, ದೂಳನ್ನು ಪೂರ್ತಿ ತೆಗೆಯಿರಿ. ಇಲ್ಲಿ ಎರಡು ಭಾಗ ಬೆರೆಸಿ ಬಳಸುವ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟೇ ಸೂಕ್ತ. ಬಿಳಿ ಅಂಟಿನ ನೀರು ತಿರುಳಿನ ಮೂಲಕ ಹೊರಹೋಗಲಾರದು, ಮಾಮೂಲಿ ಸಯನೊಅಕ್ರಿಲೇಟ್ ತಿರುಳನ್ನು ತಿನ್ನುತ್ತದೆ.

ಎಪಾಕ್ಸಿಯ ಎರಡು ಭಾಗಗಳನ್ನು ತಕ್ಕಡಿಯಲ್ಲಿ ಅಳೆದು, ಅಗಲವಾದ ತಟ್ಟೆಯಲ್ಲಿ ಬೆರೆಸಿ. ಆಳವಾದ ಲೋಟದಲ್ಲಿ ಅದು ತನ್ನ ಬಿಸಿಗೇ ಬೇಗ ಗಟ್ಟಿಯಾಗುತ್ತದೆ; ನಮ್ಮ ಬೇಸಗೆಯಲ್ಲಿ ಇದು ಇನ್ನೂ ಬೇಗ. ಕೈಗವಸು ತೊಟ್ಟು, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಹಾಳೆಯ ಒಳಮೈಗೆ ಹರಡಿ, ಮರದ ಎಳೆ ಕಾಣುವಷ್ಟು ಹೆರೆದು ತೆಗೆಯಿರಿ. ತಿರುಳಿಗೆ ಹಚ್ಚುವುದು ಬೇಡ. ಮೇಲಿನ ಮತ್ತು ಕೆಳಗಿನ ಹಾಳೆಗಳನ್ನು ಒಂದೇ ಸಲಕ್ಕೆ ಅಂಟಿಸಿ, ಇಡೀ ಜೋಡಣೆಯನ್ನು ಹೊರತುಂಡುಗಳ ನಡುವೆ ಸೇರಿಸಿ, ನೇರ ಹಲಗೆಯ ಮೇಲಿಟ್ಟು, ಮೇಲೂ ಒಂದು ಹಲಗೆಯಿಟ್ಟು ತೂಕ ಹೇರಿ. 60 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ರೆಕ್ಕೆಯ ಮೇಲೆ 30 ಕಿಲೊ ಹೇರಿದರೆ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವುದು 25 ಗ್ರಾಂ ಮಾತ್ರ. ತಿರುಳು ಇದನ್ನು ಸುಲಭವಾಗಿ ತಡೆಯುತ್ತದೆ. 5 ಲೀಟರಿನ 6 ನೀರಿನ ಕ್ಯಾನುಗಳು ಆ 30 ಕಿಲೊಗೆ ಸಮ.

ತೇವದ ದಿನಗಳಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಪದರ ಬರಬಹುದು. ಮುಂದಂಚಿನ ಪಟ್ಟಿ ಅಂಟಿಸುವ ಮೊದಲು ಅದನ್ನು ನೀರಿನಲ್ಲಿ ತೊಯ್ದ ಬಟ್ಟೆಯಿಂದ ಉಜ್ಜಿ ತೊಳೆದು, ಒಣಗಿಸಿ, ಉಪ್ಪುಕಾಗದ ಆಡಿಸಿ.

11. ಒಣಗಿದ ಮೇಲೆ

ರೆಕ್ಕೆಯನ್ನು ಹಲಗೆಯಿಂದ ಬಿಡಿಸಿ ಉಗುರಿನಿಂದ ಮೆಲ್ಲನೆ ತಟ್ಟುತ್ತ ಪ್ರತಿ ರಿಬ್ಬಿನ ಮೇಲೆ ಸಾಗಿ. ಅಂಟು ಹಿಡಿದ ಕಡೆ ಸದ್ದು ಗಟ್ಟಿಯಾಗಿ, ಬಿಟ್ಟ ಕಡೆ ಟೊಳ್ಳಾಗಿ ಕೇಳುತ್ತದೆ. ಟೊಳ್ಳು ಸಿಕ್ಕಲ್ಲಿ ಸೂಜಿಯಿಂದ ಚಿಕ್ಕ ರಂಧ್ರ ಮಾಡಿ, ಸಿರಿಂಜಿನಿಂದ ಅಂಟು ಬಿಟ್ಟು, ತೂಕವಿಟ್ಟು ಒಣಗಿಸಿ. ಕೊನೆಯ ಉಜ್ಜುವಿಕೆಗೆ 320ರ ಕಾಗದ ಸಾಕು, 1.5 ಮಿ.ಮೀ. ಹಾಳೆಯಿಂದ 0.2 ಮಿ.ಮೀ.ಗಿಂತ ಹೆಚ್ಚು ತೆಗೆಯದಿರಲು ನೋಡಿ. ಮೇಲೆ ಪ್ಲಾಸ್ಟಿಕ್ ಫಿಲ್ಮ್ ಹೊದಿಸುವವರು, ಬಿಳಿ ಅಂಟು ಬಿಸಿಗೆ ಮತ್ತೆ ಮೆತ್ತಗಾಗುತ್ತದೆ ಎಂಬುದನ್ನು ನೆನಪಿಟ್ಟು, ಇಸ್ತ್ರಿಯನ್ನು ಸ್ಪಾರ್ ಮೇಲೆ ಹೆಚ್ಚು ಹೊತ್ತು ನಿಲ್ಲಿಸಬಾರದು.

ಇಷ್ಟಾದರೂ ತಿರುವು ಕಂಡರೆ ಹಬೆ ಹಿಡಿದು ಕೈಯಿಂದ ತಿರುಚಿ ಸರಿಪಡಿಸಲು ಹೋಗಬೇಡಿ. ಮುಚ್ಚಿದ ಡಿ-ಬಾಕ್ಸ್ ಒಂದೆರಡು ದಿನ ಬಗ್ಗಿದಂತೆ ಕಂಡು ಮತ್ತೆ ಹಳೆಯ ಆಕಾರಕ್ಕೆ ಮರಳುತ್ತದೆ. ಕೆಳಗಿನ ಹಾಳೆಯನ್ನು ಸ್ಪಾರ್‌ನ ಮುಂದಿನ ಅಂಚಿನ ಗುಂಟ, ಹೊಸ ಬ್ಲೇಡಿನಿಂದ, ಸ್ಪಾರ್‌ಗೆ ತಾಗದಂತೆ ಉದ್ದಕ್ಕೂ ಸೀಳಿ. ಸೀಳಿದ ಕೂಡಲೇ ರೆಕ್ಕೆ ಸಡಿಲವಾಗುತ್ತದೆ. ಅದನ್ನು ತೊಟ್ಟಿಲುಗಳ ಮೇಲೆ ಮತ್ತೆ ಬಿಗಿದು, ಬುಡದಿಂದ ನೋಡಿ ನೇರ ಮಾಡಿ. ಸೀಳಿನೊಳಗೆ, ಸ್ಪಾರ್‌ನ ಮುಂಬದಿಗೆ ಆನಿಸಿ, ರಿಬ್‌ನಿಂದ ರಿಬ್‌ಗೆ 3 ಮಿ.ಮೀ. ಬಾಲ್ಸಾದ ಕಿರುಪಟ್ಟಿಗಳನ್ನು ಹಾಳೆಯ ಒಳಮೈಗೆ ಆಸರೆಯಾಗಿ ಅಂಟಿಸಿ. ಅದು ಒಣಗಿದ ಮೇಲೆ ಹಾಳೆಯ ಅಂಚನ್ನು ಆ ಪಟ್ಟಿಗಳ ಮೇಲೆ ಅಂಟಿಸಿ, ಟೇಪು ಹಚ್ಚಿ, ತೂಕವಿಟ್ಟು, ಮತ್ತೆ 24 ಗಂಟೆ ಬಿಡಿ. ಇದರಿಂದ ಸೇರುವ ತೂಕ ಅಲ್ಪ, ಆದರೆ ಅದು ಒಂದೇ ರೆಕ್ಕೆಗೆ ಸೇರುವುದರಿಂದ ಕೊನೆಯಲ್ಲಿ ಎರಡೂ ರೆಕ್ಕೆಗಳನ್ನು ಮತ್ತೊಮ್ಮೆ ತಕ್ಕಡಿಯ ಮೇಲಿಟ್ಟು ನೋಡಿ.